ಹವಳಕ್ಕೆ ಒಗ್ಗದ ನೀರು



ನೆಂಟರ ಊರಿಗೆ ಹೋಗಿ ನೆಗಡಿಯಾದರೆ 'ನೀರು ಒಗ್ಗಲಿಲ್ಲ' ಎನ್ನುತ್ತಾರೆ ನಮ್ಮ ಮನೆಯ ಹಿರಿಯರು. ವಿಜ್ಞಾನದ ಪದವಿ ಪಡೆದ ಹೊಸದರಲ್ಲಿ ನಾನು ಈ ಮಾತಿಗೆ ನಗುತ್ತಿದ್ದೆ. ಎರಡು ವರ್ಷದ ಹಿಂದೆ ಶಿಕಾರಿಪುರದಲ್ಲಿ ಅದು ಅಕ್ಷರಶಃ ನಿಜವಾದುದನ್ನು ಕಂಡ ಮೇಲೆ ನಗುವುದನ್ನು ಬಿಟ್ಟಿದ್ದೇನೆ. ಅಲ್ಲಿ ನೀರು ಒಗ್ಗದೆ ಹೋದದ್ದು ಮನುಷ್ಯರಿಗಲ್ಲ, ಒಂದು ಹವಳಕ್ಕೆ.

ಹವಳವೆಂದರೆ ನಮಗೆಲ್ಲ ಅಜ್ಜಿಯ ಕೊರಳಿನ ಕೆಂಪು ಮಣಿ. ಆ ಆಭರಣದ ಹವಳ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲೆಯ ಬಂಡೆಗಳ ಮೇಲೆ ಬೆಳೆಯುವಂಥದು. ನಾನೀಗ ಹೇಳುವುದು ಬಿಸಿಲು ಬೀಳುವ ಆಳವಿಲ್ಲದ ಕಡಲಿನಲ್ಲಿ ದಿಬ್ಬಗಳನ್ನೇ ಕಟ್ಟುವ ಶಿಲಾಹವಳದ ವಿಷಯ. ಲಕ್ಷದ್ವೀಪ ಹಾಗೆ ಕಟ್ಟಲ್ಪಟ್ಟ ನಾಡು. ನಮ್ಮ ಮುರ್ಡೇಶ್ವರದ ಎದುರಿಗೆ ಕಡಲಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಕಲ್ಲಿನಂತೆ ಕಾಣುವ ಒಂದು ಹವಳ ವಾಸ್ತವವಾಗಿ ನೂರಾರು, ಸಾವಿರಾರು ಪುಟ್ಟ ಪ್ರಾಣಿಗಳ ವಠಾರ. ಒಂದೊಂದು ಪ್ರಾಣಿಯೂ ಒಂದು ಚೀಲ. ಚೀಲಕ್ಕೆ ಒಂದೇ ಬಾಯಿ, ಬಾಯಿಯ ಸುತ್ತ ಬೆರಳುಗಳಂಥ ಸ್ಪರ್ಶಾಂಗಗಳು. ಇದನ್ನು ಪಾಲಿಪ್ ಎನ್ನುತ್ತಾರೆ. ಅದು ತನ್ನ ಅಡಿಯಲ್ಲಿ ಸುಣ್ಣವನ್ನು ಒಸರಿಸಿ ಗಟ್ಟಿ ಬಟ್ಟಲು ಕಟ್ಟಿಕೊಳ್ಳುತ್ತದೆ. ಅದರ ಮೈಯ ಕೋಶಗಳೊಳಗೆ ಏಕಕೋಶ ಪಾಚಿಗಳು ಬಾಡಿಗೆಗೆ ಇರುತ್ತವೆ. ಈ ಬಾಡಿಗೆದಾರರು ಬೆಳಕಿನಲ್ಲಿ ಆಹಾರ ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಸಲ್ಲಿಸುತ್ತವೆ. ಕೆಲವು ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ಶೇಕಡ 90ರವರೆಗೂ ಹೀಗೆ ಬರುವುದುಂಟು.

ಇಂಥದೊಂದನ್ನು ಮನೆಯಲ್ಲಿ ಸಾಕುವ ಆಸೆ ಶಿಕಾರಿಪುರದಲ್ಲಿರುವ ನನ್ನ ತಂಗಿಯ ಮಗನಿಗೆ ಹುಟ್ಟಿತು. ಆಗ ಅವನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಆಸೆ ಹುಟ್ಟಿಸಿದ್ದು ದೂರದರ್ಶನದ ಪರದೆ. ಆದ್ದರಿಂದ ತಪ್ಪಿನಲ್ಲಿ ನನ್ನ ವೃತ್ತಿಯ ಪಾಲೂ ಇದೆ. ಪಾಲಿಪ್ ಅರಳುವುದನ್ನು ನಾವು ಹತ್ತು ಸೆಕೆಂಡುಗಳಲ್ಲಿ ತೋರಿಸುತ್ತೇವೆ, ಹಿನ್ನೆಲೆಗೆ ಸಿತಾರ್ ಕೂಡ ಹಾಕುತ್ತೇವೆ. ಅದರ ಹಿಂದೆ ಕ್ಯಾಮೆರಾ ಗಂಟೆಗಟ್ಟಲೆ ಕಾದಿತ್ತು ಎಂಬುದನ್ನು ಹೇಳುವುದಿಲ್ಲ.

ಹುಡುಗ ಆತುರದವನಲ್ಲ. ಜೂನ್ ತಿಂಗಳಲ್ಲಿ 60 ಲೀಟರಿನ ಗಾಜಿನ ತೊಟ್ಟಿಯನ್ನು ಸಿದ್ಧಪಡಿಸಿದ. ಅಡುಗೆ ಉಪ್ಪು ಕಡಲುಪ್ಪಲ್ಲ, ಕಡಲ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಮೊದಲಾದವೂ ಇರಬೇಕು ಎಂದು ಓದಿಕೊಂಡು, ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪನ್ನು ತರಿಸಿದ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ತೂಗಿ ಬೆರೆಸಿದ. ಕೊಳವೆಬಾವಿಯ ನೀರು ಗಡಸು ಎಂದು ಅದನ್ನು ಬಿಟ್ಟು ಮಳೆನೀರನ್ನೇ ಹಿಡಿದ. ಅದೂ ಮೊದಲ ಮಳೆಗಳಲ್ಲಿ ಹಂಚು ತೊಳೆದುಹೋದ ಮೇಲೆ ಬಿದ್ದ ನೀರು. ಆಮೇಲೆ ಆರು ವಾರ ಕಾದ. ಈ ಕಾಯುವಿಕೆಗೆ ಕಾರಣವಿದೆ. ಪ್ರಾಣಿಗಳ ವಿಸರ್ಜನೆಯಿಂದ ಬರುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ ಮತ್ತೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾಡುತ್ತವೆ. ಈ ಸೂಕ್ಷ್ಮಜೀವಿಗಳು ತೊಟ್ಟಿಯ ಕಲ್ಲು ಮರಳಿನಲ್ಲಿ ನೆಲೆಯೂರಲು ವಾರಗಳೇ ಬೇಕು. ಅದಾದ ಬಳಿಕ ಎರಡು ಪುಟ್ಟ ಕಡಲ ಮೀನು, ನಾಲ್ಕು ಶಂಖದ ಹುಳು ಬಂದವು. ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದವನು ಒಂದು ಅಂಗಡಿಯಿಂದ ಹೆಬ್ಬೆರಳು ಗಾತ್ರದ ಹವಳವನ್ನು ಕೊಂಡ. ನನಗೆ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆನೆಂದು ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ.

ಹೊಸ ಹವಳವನ್ನು ತೊಟ್ಟಿಗೆ ಇಳಿಸುವ ಕ್ರಮವನ್ನೂ ಅವನು ತಪ್ಪಲಿಲ್ಲ. ಕಟ್ಟಿದ ಚೀಲವನ್ನು ಹಾಗೆಯೇ ತೊಟ್ಟಿಯಲ್ಲಿ ತೇಲಿಬಿಟ್ಟು ಒಳಗಿನ ನೀರೂ ಹೊರಗಿನ ನೀರೂ ಒಂದೇ ಉಷ್ಣತೆಗೆ ಬರುವಂತೆ ಮಾಡಿದ. ಬಳಿಕ ಗ್ಲೂಕೋಸ್ ಹಾಕುವ ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಚೀಲದ ನೀರಿಗೆ ತೊಟ್ಟುತೊಟ್ಟಾಗಿ ಸೇರಿಸಿದ. ಅಂಗಡಿಯ ನೀರನ್ನು ತೊಟ್ಟಿಗೆ ಸುರಿಯಲಿಲ್ಲ. ಹವಳವನ್ನು ಒಮ್ಮೆಲೇ ದೀಪದ ಕೆಳಗಿಡದೆ ತೊಟ್ಟಿಯ ತಳದಲ್ಲಿಟ್ಟು, ದಿನದಿನಕ್ಕೆ ಬೆಳಕು ಹೆಚ್ಚಿಸುವ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ. ಒಳಗಿನ ಪಾಚಿಗಳಿಗೆ ಹೊಸ ಬೆಳಕು ಒಗ್ಗಬೇಕಷ್ಟೆ. ಹೊಸದಾಗಿ ಬಂದ ಹವಳ ಒಂದೆರಡು ದಿನ ಮುದುಡಿಕೊಂಡಿರುವುದು ಸಹಜ. ಆಗ ಮುಟ್ಟುವುದಾಗಲಿ, ಜಾಗ ಬದಲಿಸುವುದಾಗಲಿ ಕೂಡದು. ಅದನ್ನೂ ಪಾಲಿಸಿದ.

ಐದನೆಯ ದಿನ ಸಂಜೆ ನನಗೆ ಫೋನು ಮಾಡಿದ. 'ಮಾವ, ಪುಸ್ತಕದಲ್ಲಿರೋದೆಲ್ಲ ಮಾಡಿದೀನಿ. ಆದ್ರೂ ಅದು ಅರಳ್ತಾ ಇಲ್ಲ. ತುದೀಲಿ ಬಿಳಿ ಕಾಣ್ತಾ ಇದೆ.'

'ಏನದು?' ಎಂದೆ. ಆಗ ವಿಷಯವೆಲ್ಲ ಹೊರಬಂತು.

ಭಾನುವಾರ ನಾನು ಶಿಕಾರಿಪುರ ತಲುಪುವ ಹೊತ್ತಿಗೆ ಹವಳದ ಅರ್ಧಭಾಗ ಬರಿಯ ಸುಣ್ಣವಾಗಿತ್ತು. ಉಳಿದರ್ಧದಿಂದ ಮಾಂಸ ಲೋಳೆಯಾಗಿ ಕಳಚುತ್ತಿತ್ತು. ಹುಡುಗ ನಿದ್ದೆಗೆಟ್ಟಿದ್ದ. ಮಳೆಗೆ ಕರೆಂಟು ಹೋದಾಗಲೆಲ್ಲ ಎದ್ದು ಕೈಯಿಂದ ನೀರು ಕಲಕುತ್ತಿದ್ದನಂತೆ. ನೀರು ಆಡದಿದ್ದರೆ ಆಮ್ಲಜನಕ ಕಡಿಮೆಯಾಗುತ್ತದಲ್ಲ. ನಾನು ಅಳೆಯಬಹುದಾದುದನ್ನೆಲ್ಲ ಅಳೆದೆ. ಉಷ್ಣತೆ 26 ಡಿಗ್ರಿ. ಉಪ್ಪಿನಂಶ ಸರಿ. ಪಿಎಚ್ 8.2. ಅಮೋನಿಯಾ ಇಲ್ಲವೇ ಇಲ್ಲ. ಕಾಗದದ ಮೇಲೆ ಆ ನೀರಿಗೆ ನೂರಕ್ಕೆ ನೂರು ಅಂಕ.

ಆದರೆ ತೊಟ್ಟಿಯಲ್ಲಿ ಒಂದು ವಿಚಿತ್ರವಿತ್ತು. ಎರಡು ಮೀನುಗಳೂ ಲವಲವಿಕೆಯಿಂದ ಓಡಾಡುತ್ತಿದ್ದವು. ನಾಲ್ಕು ಶಂಖದ ಹುಳುಗಳೂ ಸತ್ತು ಚಿಪ್ಪುಗಳು ಖಾಲಿಯಾಗಿದ್ದವು. ಬೆನ್ನೆಲುಬಿರುವುದು ಬದುಕಿದೆ, ಇಲ್ಲದ್ದು ಸಾಯುತ್ತಿದೆ. ಇಂಥ ಭೇದ ಮಾಡುವ ವಿಷ ಯಾವುದು? ನೀವೂ ಒಂದು ಕ್ಷಣ ಯೋಚಿಸಿ. ನನಗೆ ಆ ರಾತ್ರಿಯೆಲ್ಲ ಹೊಳೆಯಲಿಲ್ಲ.

ಬೆಳಗ್ಗೆ ಬಚ್ಚಲ ಕಡೆ ಹೋದರೆ ನನ್ನ ತಂಗಿ ಹುಣಸೆಹಣ್ಣು ಹಾಕಿ ಒಂದು ತಾಮ್ರದ ಹಂಡೆಯನ್ನು ತಿಕ್ಕುತ್ತಿದ್ದಳು. ಅದು ಥಳಥಳ ಹೊಳೆಯುತ್ತಿತ್ತು.

'ಇದರಲ್ಲೇನು ಮಾಡ್ತೀಯಮ್ಮ?' ಎಂದು ಕೇಳಿದೆ.

'ಅವನ ಸಮುದ್ರದ ನೀರು ಕಲಸೋದು ಇದರಲ್ಲೇ ಅಣ್ಣ. ಪ್ಲಾಸ್ಟಿಕ್ ಬೇಡ, ತಾಮ್ರದಲ್ಲಿಟ್ಟ ನೀರು ಶುದ್ಧ ಅಂತ ನಾನೇ ಅಟ್ಟದಿಂದ ಇಳಿಸಿಕೊಟ್ಟೆ.'

ಮಿತ್ರರೇ, ತಂಗಿಯ ಮಾತು ಸುಳ್ಳಲ್ಲ. ತಾಮ್ರದ ಪಾತ್ರೆಯಲ್ಲಿ ಇಟ್ಟ ಕುಡಿಯುವ ನೀರಿನಲ್ಲಿ ಅನೇಕ ರೋಗಾಣುಗಳು ಸಾಯುತ್ತವೆ. ಸಾಯುವುದು ಏಕೆ? ನೀರಿಗೆ ಇಳಿದ ತಾಮ್ರದ ಅಯಾನುಗಳು ಅವುಗಳ ಕಿಣ್ವಗಳನ್ನು ಕೆಡಿಸುವುದರಿಂದ. ಅದೇ ಗುಣ ಹವಳದ ಮೃದು ಮೈಗೂ ಅದರೊಳಗಿನ ಪಾಚಿಗೂ ಮಾರಕ. ಶಂಖದ ಹುಳುಗಳ ಸಂಗತಿ ಇನ್ನೂ ವಿಚಿತ್ರ. ಇಂಥ ಅನೇಕ ಪ್ರಾಣಿಗಳ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಪ್ರೋಟೀನಿನಲ್ಲೇ ತಾಮ್ರವಿದೆ. ಲವಲೇಶ ಇಲ್ಲದಿದ್ದರೆ ಬದುಕಿಲ್ಲ, ಲವಲೇಶ ಹೆಚ್ಚಾದರೂ ಬದುಕಿಲ್ಲ. ಕಡಲ ಮೀನುಗಳು ಮಾತ್ರ ಒಂದಿಷ್ಟು ತಡೆದುಕೊಳ್ಳುತ್ತವೆ. ಅವುಗಳ ಮೈಮೇಲಿನ ಪರಾವಲಂಬಿಗಳನ್ನು ಕೊಲ್ಲಲು ಸಾಕಣೆದಾರರು ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ತಾಮ್ರವನ್ನು ಔಷಧಿಯಾಗಿಯೇ ಬಳಸುತ್ತಾರೆ, ಹವಳವಿಲ್ಲದ ಬೇರೆ ತೊಟ್ಟಿಯಲ್ಲಿ.

ಈಗ ಹಂಡೆಯ ರಸಾಯನಶಾಸ್ತ್ರ ನೋಡಿ. ಕರಗಿದ ಲವಣಗಳಿಲ್ಲದ ಮಳೆನೀರು ತುಸು ಆಮ್ಲೀಯ, ಲೋಹವನ್ನು ಕರಗಿಸಿಕೊಳ್ಳಲು ಸದಾ ಸಿದ್ಧ. ಹುಣಸೆಹಣ್ಣಿನಿಂದ ತಿಕ್ಕಿದಾಗ ತಾಮ್ರದ ಮೇಲಿದ್ದ ಕಂದು ಪದರ ಹೋಗಿ ಹೊಸ ಲೋಹ ನೀರಿಗೆ ತೆರೆದುಕೊಂಡಿತು. ಮೇಲೆ ಉಪ್ಪು ಬಿತ್ತು. ಕ್ಲೋರೈಡ್ ಮತ್ತು ಆಮ್ಲಜನಕ ಎರಡೂ ಇದ್ದರೆ ತಾಮ್ರ ಬೇಗ ಕರಗುತ್ತದೆ, ಮತ್ತು ಹುಡುಗ ಉಪ್ಪು ಚೆನ್ನಾಗಿ ಬೆರೆಯಲೆಂದು ರಾತ್ರಿಯಿಡೀ ಗಾಳಿಯ ಪಂಪನ್ನೂ ಹಚ್ಚಿಟ್ಟಿದ್ದ! ಬೆಂಗಳೂರಿನಿಂದ ನಾನು ತಂದಿದ್ದ ಪೆಟ್ಟಿಗೆಯಲ್ಲಿ ತಾಮ್ರದ ಪರೀಕ್ಷೆಯ ದ್ರಾವಣವೂ ಇತ್ತು. ಹನಿ ಬಿಟ್ಟೆವು. ಬಣ್ಣ 0.2 ಮಿಲಿಗ್ರಾಂ ಗುರುತಿಗೆ ಹೊಂದಿತು. 60 ಲೀಟರಿಗೆ ಲೆಕ್ಕ ಹಾಕಿದರೆ ಒಟ್ಟು 12 ಮಿಲಿಗ್ರಾಂ. ಒಂದು ಅಕ್ಕಿಕಾಳಿನ ತೂಕದಷ್ಟೂ ಇಲ್ಲ.

ನನ್ನ ಮನಸ್ಸಿಗೆ ಅತ್ಯಂತ ನೋವಾದದ್ದು ಇದಲ್ಲ. ಹವಳ ಮುದುಡಿದ್ದನ್ನು ಕಂಡು ಹುಡುಗ ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದ. ಒಳ್ಳೆಯ ನೀರು ಕೊಟ್ಟರೆ ಚೇತರಿಸಿಕೊಂಡೀತು ಎಂದು. ಆ ನೀರು ಹಂಡೆಯದೇ. ಅವನ ಆರೈಕೆ ಹೆಚ್ಚಿದಷ್ಟೂ ವಿಷ ಹೆಚ್ಚಿತು. ಇದನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ತಂಗಿ ಹಿಂಜರಿದಳು. ಹೇಳಿದೆ. ವಿಜ್ಞಾನ ಓದುವವನಿಗೆ ಕಾರಣವನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ಸರಿಯೆಂದು ನನಗೆ ತೋರಲಿಲ್ಲ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಟುಪುಸ್ತಕ ತೆಗೆದು, ನೀರು ಬದಲಿಸಿದ ಪ್ರತಿಯೊಂದು ದಿನಾಂಕದ ಮುಂದೂ 'ಹಂಡೆ' ಎಂದು ಬರೆದ.

ಹೇಳಬೇಕಾದ ಇನ್ನೊಂದು ಮಾತಿತ್ತು. ಸತ್ತ ಹವಳವನ್ನು ತೊಳೆದು ಭೂತಗನ್ನಡಿಯಲ್ಲಿ ನೋಡಿದೆವು. ಪುಟ್ಟ ಪುಟ್ಟ ಬಟ್ಟಲುಗಳು. ಪ್ರತಿ ಬಟ್ಟಲಿನೊಳಗೂ ನಿಂಬೆಹೋಳಿನ ತೊಳೆಗಳಂತೆ ಸುತ್ತಲಿಂದ ನಡುವಿನ ಕಡೆ ಸಾಗುವ ತೆಳುಗೋಡೆಗಳು.

'ಅಂಗಡಿಯವರು ಸಾಫ್ಟ್ ಕೋರಲ್ ಅಂದಿದ್ರು ಮಾವ' ಎಂದ.

ಮೃದುಹವಳಕ್ಕೆ ಇಂಥ ಬಟ್ಟಲು ಇರುವುದಿಲ್ಲ. ಇದು ಶಿಲಾಹವಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿ, ಆನೆಗಳಿರುವ ಪಟ್ಟಿಗೆ, 2001ರಲ್ಲಿ ಎಲ್ಲ ಶಿಲಾಹವಳಗಳನ್ನೂ ಸೇರಿಸಲಾಗಿದೆ. ಕಪ್ಪುಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳೂ ಅದರಲ್ಲಿವೆ. ನಮ್ಮ ಕಡಲಿನಿಂದ ಇವನ್ನು ಕಿತ್ತು ತರುವುದು, ಮಾರುವುದು, ಕೊಳ್ಳುವುದು ಅಪರಾಧ. ಸತ್ತ ತುಂಡನ್ನು ಶೋಕೇಸಿನಲ್ಲಿಡುವುದಕ್ಕೂ ಕಾಯಿದೆ ಒಪ್ಪುವುದಿಲ್ಲ. ಹುಡುಗ ನಡೆದದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು ಆ ಸುಣ್ಣದ ಗೂಡನ್ನು ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿದ. ಮೀನುಗಳನ್ನು ನಾನು ಬೆಂಗಳೂರಿನ ಸ್ನೇಹಿತರೊಬ್ಬರ ತೊಟ್ಟಿಗೆ ಮುಟ್ಟಿಸಿದೆ.

ಮೃದುಹವಳವಾದರೆ ಚಿಂತೆಯಿಲ್ಲವೆ ಎಂದು ನೀವು ಕೇಳಬಹುದು. ಗುಂಡಿಯಂತೆ ಅರಳುವ ಕೆಲವು ಮೃದು ಪಾಲಿಪ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವು ಅಂಟಿದ ಕಲ್ಲನ್ನು ಕುದಿಸಿ ಶುಚಿಮಾಡಲು ಹೋಗಿ ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಹೊಸ ಹವಳಕ್ಕೆ ಹೊಸ ನೆಲೆ ಕೊಡುವ ವಿದ್ಯೆ ನಿಜವಾಗಿ ಬೇಕಾಗಿರುವುದು ಕಡಲಿನಲ್ಲೇ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ತುಂಡುಗಳನ್ನು ಚೌಕಟ್ಟುಗಳಿಗೆ ಕಟ್ಟಿ, ನಾವು ದಾಸವಾಳದ ಗೆಲ್ಲು ನೆಡುವಂತೆ ನೆಟ್ಟು ಬೆಳೆಸಿದ್ದಾರೆ. ಅಲ್ಲಿಯ ಶತ್ರು ನೀರಿನ ಬಿಸಿ. ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನ ಬಾಡಿಗೆದಾರ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದು ಅದೇ.

ಖಾಲಿ ತೊಟ್ಟಿ ಚಳಿಗಾಲದವರೆಗೂ ಹಾಗೇ ಇತ್ತು. ಹುಡುಗ ಅದರ ಕಡೆ ನೋಡುತ್ತಿರಲಿಲ್ಲ ಎಂದು ತಂಗಿ ಹೇಳಿದಳು. ಡಿಸೆಂಬರಿನಲ್ಲಿ ನಾನು ಅವನನ್ನು ಸೊರಬ ತಾಲ್ಲೂಕಿನ ನಮ್ಮ ಹಳ್ಳಿಗೆ ಕರೆದುಕೊಂಡು ಹೋದೆ. ಸಮುದ್ರ ಅಲ್ಲಿಂದ ಘಟ್ಟದಾಚೆಗಷ್ಟೇ ಇದೆ. ಆದರೂ ನಮ್ಮ ನೀರು ಅತ್ತ ಇಳಿಯುವುದಿಲ್ಲ. ದಂಡಾವತಿ ವರದೆಯನ್ನು ಸೇರಿ, ವರದೆ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶಿಕಾರಿಪುರದ ಕುಮುದ್ವತಿಯೂ ಅಷ್ಟೆ. ಸಿಹಿನೀರೂ ಕೆಸರೂ ಸೇರುವ ಕಡೆ ಹವಳದಿಬ್ಬ ಬೆಳೆಯದು. ಆದರೆ ಹವಳದ ಒಬ್ಬ ದಾಯಾದಿ ನಮ್ಮ ಕೆರೆಕಟ್ಟೆಗಳಲ್ಲಿ ವಾಸವಾಗಿದ್ದಾನೆ. ನಿಮ್ಮ ಪಠ್ಯಪುಸ್ತಕದಲ್ಲಿ ಅವನ ಚಿತ್ರ ಬಿಡಿಸಿ ಅಂಕ ಗಳಿಸಿದ್ದೀರಿ. ಅವನೇ ಹೈಡ್ರಾ.

ಹೈಡ್ರಾ ಎಂದರೆ ಸುಣ್ಣದ ಮನೆ ಕಟ್ಟದ ಒಂಟಿ ಪಾಲಿಪ್. ಅದೇ ಚೀಲ, ಅದೇ ಒಂದೇ ಬಾಯಿ, ಅವೇ ಸ್ಪರ್ಶಾಂಗಗಳು, ಅವುಗಳಲ್ಲಿ ಅವೇ ಕುಟುಕು ಕಣಗಳು. ಹಸಿರು ಹೈಡ್ರಾ ಎಂಬ ಪ್ರಭೇದದ ಮೈಯೊಳಗೆ ಹವಳದಲ್ಲಿರುವಂತೆಯೇ ಬಾಡಿಗೆಗಿರುವ ಪಾಚಿಯೂ ಉಂಟು. ಚರಿತ್ರೆಯಲ್ಲೂ ಇವೆರಡಕ್ಕೆ ನಂಟಿದೆ. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ ಹವಳದ ಮೇಲೆ ಕಾಣುವುದು ಹೂವಲ್ಲ, ಪ್ರಾಣಿ ಎಂದಾಗ ಪ್ಯಾರಿಸ್ಸಿನ ಪಂಡಿತ ರೋಮ್ಯೂರ್ ಒಪ್ಪಲಿಲ್ಲ. 1740ರಲ್ಲಿ ಹಾಲೆಂಡಿನ ಹೇಗ್ ನಗರದ ಬಳಿ ಇಬ್ಬರು ಹುಡುಗರಿಗೆ ಮನೆಪಾಠ ಹೇಳುತ್ತಿದ್ದ ಟ್ರೆಂಬ್ಲೆ ಎಂಬಾತ ಕೊಳದ ನೀರಿನಲ್ಲಿ ಹಸಿರು ಹೈಡ್ರಾವನ್ನು ಕಂಡ. ಗಿಡವೋ ಪ್ರಾಣಿಯೋ ತಿಳಿಯಲೆಂದು ಕತ್ತರಿಸಿದ. ಎರಡು ತುಂಡೂ ಪೂರ್ತಿ ಹೈಡ್ರಾಗಳಾದವು! ಆದರೆ ಅದು ನಡೆಯುತ್ತಿತ್ತು, ಬೇಟೆ ಹಿಡಿದು ನುಂಗುತ್ತಿತ್ತು. ಪ್ರಾಣಿಯೇ ಸರಿ ಎಂದಾಯಿತು. ಇದನ್ನು ಕಂಡ ಬಳಿಕ ರೋಮ್ಯೂರ್ ಹವಳದ ವಿಷಯದಲ್ಲೂ ತನ್ನ ತಪ್ಪನ್ನು ಒಪ್ಪಿಕೊಂಡ. ಹೈಡ್ರಾದ ಅಧ್ಯಯನ ಇಂದಿಗೂ ಮುಗಿದಿಲ್ಲ. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ನಮ್ಮದೇ ನೀರಿನ ಹೈಡ್ರಾ ಮೇಲೆ ಸಂಶೋಧನೆ ನಡೆದಿದೆ.

ಕೆರೆಗೆ ಹೋಗುವಾಗ ಹುಡುಗ ಒಂದು ಪ್ರಶ್ನೆ ಕೇಳಿದ. 'ಮಾವ, ಇಲ್ಲಿ ತಾಮ್ರ ಇರಲ್ವಾ?' ನನಗೆ ಬಹಳ ಸಂತೋಷವಾಯಿತು. ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ನಮ್ಮವರು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಏನು? 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಸುಮಾರು 1910ರಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಸಿಂಪರಣೆಯ ದಾರಿ ತೋರಿಸಿದರು. ಅದರಿಂದ ಉಳಿದ ತೋಟಗಳೆಷ್ಟೋ. ಅದನ್ನು ದೂರುವ ಉದ್ದೇಶ ನನಗಿಲ್ಲ. ಆದರೆ ತೋಟದ ಬಸಿಗಾಲುವೆ ಬಂದು ಸೇರುವ ಮೂಲೆಯಲ್ಲಿ ಹೈಡ್ರಾ ಹುಡುಕಿ ಫಲವಿಲ್ಲ. ನಾವು ಗುಡ್ಡದ ಕಡೆಯ ದಂಡೆಗೆ ಹೋದೆವು.

ಹುಡುಕುವ ಬಗೆ ಹೀಗೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ದಂಡೆಯಲ್ಲೇ ಕೈಗೆಟಕುವ ಜೊಂಡು, ಎಲೆ, ನೀರುಗಿಡಗಳನ್ನು ಕೆರೆಯ ನೀರಿನ ಸಮೇತ ಗಾಜಿನ ಬಾಟಲಿಗೆ ತುಂಬಿ. ಆಳಕ್ಕೆ ಇಳಿಯಬೇಡಿ, ಒಬ್ಬರೇ ಹೋಗಬೇಡಿ. ಗುಡವಿಯಂಥ ಪಕ್ಷಿಧಾಮದ ಕೆರೆಗೆ ಕೈಹಾಕುವಂತಿಲ್ಲ. ಬಾಟಲಿಯನ್ನು ಬಿಸಿಲು ನೇರ ಬೀಳದ ಕಿಟಕಿಯ ಬಳಿ ಒಂದು ರಾತ್ರಿ ಅಲುಗಿಸದೆ ಇಡಿ. ಬೆಳಗ್ಗೆ ಬೆಳಕು ಬರುವ ಕಡೆಯ ಗಾಜನ್ನು ಭೂತಗನ್ನಡಿಯಲ್ಲಿ ನೋಡಿ. ದಾರದ ತುಂಡಿನಂತೆ ನೇತಾಡುತ್ತ, ಬಾಟಲಿ ತಟ್ಟಿದರೆ ಚುಕ್ಕಿಯಂತೆ ಮುದುಡುವುದಿದ್ದರೆ ಅದೇ ಅದು. ಮೊದಲ ಎರಡು ಬಾಟಲಿಗಳಲ್ಲಿ ನಮಗೆ ಏನೂ ಸಿಗಲಿಲ್ಲ. ಮೂರನೆಯದರಲ್ಲಿ ಮೂರು ಕಂದು ಹೈಡ್ರಾಗಳಿದ್ದವು. ಹಸಿರು ಸಿಗಲಿಲ್ಲ.

ಆರೈಕೆ ಹವಳದ್ದೇ, ಖರ್ಚು ಮಾತ್ರ ಇಲ್ಲ. ಗಾಜಿನ ಬಟ್ಟಲು ಸಾಕು. ನೀರು ಅದರ ಕೆರೆಯದೇ, ಬಟ್ಟೆಯಲ್ಲಿ ಸೋಸಿದ್ದು. ನಲ್ಲಿಯ ಕ್ಲೋರಿನ್ ನೀರು ಬೇಡ. ಬಟ್ಟಲನ್ನು ಸೋಪಿನಿಂದ ತೊಳೆಯಬಾರದು. ಬೇರೆ ನೀರಿಗೆ ದಾಟಿಸಬೇಕಾದರೆ ತೊಟ್ಟುತೊಟ್ಟಾಗಿ. ಆಹಾರ ಜೀವಂತವಾಗಿರಬೇಕು, ಕೆರೆಯ ನೀರುಚಿಗಟಗಳಾದರೆ ಒಳ್ಳೆಯದು. ಹುಡುಗನಿಗೆ ತನ್ನಲ್ಲಿ ಮಿಕ್ಕಿದ್ದ ಕಡಲುಪ್ಪಿನ ನೆನಪಾಯಿತು. ಅದನ್ನು ಗಾಜಿನ ಬಾಟಲಿಯಲ್ಲಿ ಕರಗಿಸಿ, ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಮೊಟ್ಟೆ ಹಾಕಿದ. ಒಂದೂವರೆ ದಿನದಲ್ಲಿ ಮರಿಯಾದವು. ಸಿಹಿನೀರಿನಲ್ಲಿ ತೊಳೆದು ಒಂದೊಂದಾಗಿ ಬಿಟ್ಟ. ಸ್ಪರ್ಶಾಂಗಕ್ಕೆ ತಗುಲಿದ ಮರಿ ಅಲ್ಲೇ ಸ್ತಬ್ಧವಾಗುವುದನ್ನು, ಬಾಯಿ ತೆರೆಯುವುದನ್ನು ಅವನು ನೋಡಿದ. ಉಣಿಸಿದ ಕೆಲವು ಗಂಟೆಗಳ ಬಳಿಕ ಉಳಿದದ್ದನ್ನು ತೆಗೆದು ನೀರು ಬದಲಿಸಬೇಕು. ಇದನ್ನು ಮರೆತರೆ ಅಮೋನಿಯಾದ ಹಳೆಯ ಕತೆ.

ಹೊಟ್ಟೆ ತುಂಬಿದ ಹೈಡ್ರಾದ ಪಕ್ಕದಲ್ಲಿ ಮೊಗ್ಗು ಮೂಡುತ್ತದೆ, ಅದಕ್ಕೆ ಸ್ಪರ್ಶಾಂಗಗಳು ಬರುತ್ತವೆ, ಕೆಲವೇ ದಿನಗಳಲ್ಲಿ ಕಳಚಿಕೊಂಡು ಬೇರೆ ಸಂಸಾರ ಹೂಡುತ್ತದೆ. ಹುಡುಗ ಪ್ರತಿ ಭಾನುವಾರ ಎಣಿಸಿ ನೋಟುಪುಸ್ತಕದಲ್ಲಿ ಬರೆಯುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಫೋನು ಬಂತು. 'ಮಾವ, ಇವತ್ತಿಗೆ ನಲವತ್ತೊಂದು. ಇಪ್ಪತ್ತನ್ನು ಕಾಲೇಜಿನ ಲ್ಯಾಬಿಗೆ ಕೊಡ್ತೀನಿ. ಉಳಿದದ್ದನ್ನ ಅದೇ ಕೆರೆಗೆ ಬಿಡಬೇಕು ತಾನೆ?'

ಅದೇ ಕೆರೆಗೆ, ಗುಡ್ಡದ ಕಡೆಯ ದಂಡೆಯಲ್ಲಿ ಎಂದೆ.